ಸುಡದ ಕೈ

ನಮ್ಮವ್ವನ ಕೈ ಸುಡುವುದಿಲ್ಲ ಎಂಬುದು ಕೊಟ್ಟೂರಿನ ನಮ್ಮ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಖಾನಾವಳಿಯಲ್ಲಿ ಅವಳು ಹದಿನಾರು ವರ್ಷದಿಂದ ರೊಟ್ಟಿ ಬಡಿಯುತ್ತಾಳೆ. ಅಲ್ಲಿ ಒಲೆ ಇರುವುದು ಒಳಗಿನ ಅಡುಗೆಮನೆಯಲ್ಲಲ್ಲ, ಊಟದ ಬೆಂಚುಗಳ ಎದುರಿಗೇ. ಜೋಳದ ಹಿಟ್ಟಿನ ಉಂಡೆ ಅಂಗೈಯ ಕೆಳಗೆ ತಿರುಗುತ್ತ ಅಗಲವಾಗುವುದನ್ನೂ ಹಂಚಿನ ಮೇಲೆ ಬಿದ್ದು ಉಬ್ಬುವುದನ್ನೂ ನೋಡುತ್ತಲೇ ಜನ ಉಣ್ಣುತ್ತಾರೆ. ಬೇರೆ ಹೆಂಗಸರು ರೊಟ್ಟಿಯ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ತಟ್ಟನೆ ತಿರುವಿಬಿಡುತ್ತಾರೆ. ಅವ್ವ ಹಾಗಲ್ಲ. ಕಾದ ಹಂಚಿನ ಮೇಲೆ ಬರಿಗೈ ಇಟ್ಟು, ರೊಟ್ಟಿಯನ್ನು ಸುತ್ತಲೂ ಒತ್ತಿ, ಯಾವ ಅವಸರವೂ ಇಲ್ಲದೆ ತಿರುವುತ್ತಿದ್ದಳು. ಮೆಕ್ಕೆಜೋಳದ ಲಾರಿಯವರು, ಹಡಗಲಿ ಕಡೆಯ ವ್ಯಾಪಾರಸ್ಥರು ತುತ್ತು ಕೈಯಲ್ಲೇ ಹಿಡಿದುಕೊಂಡು ನೋಡುತ್ತಿದ್ದರು. ಅದು ಕೈಯಲ್ಲ, ಇನ್ನೊಂದು ಹಂಚು ಎಂದು ಒಬ್ಬ ಹಮಾಲಿ ಹೇಳಿದ್ದ. ಆ ಮಾತು ಊರಲ್ಲೆಲ್ಲ ಓಡಾಡಿತ್ತು.

ಅದು ವರವೂ ಆಗಿರಲಿಲ್ಲ, ಅಭ್ಯಾಸಬಲವೂ ಆಗಿರಲಿಲ್ಲ. ಅದು ಕುಷ್ಠ.

ಈ ಪದವನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ನಮ್ಮ ಕಡೆ 'ದೊಡ್ಡ ರೋಗ' ಎಂದು ದನಿ ತಗ್ಗಿಸಿ ಹೇಳುತ್ತಾರೆ. ದನಿ ತಗ್ಗಿಸಿದ್ದರಿಂದ ಯಾರಿಗೂ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ. ಬರೆಯುವ ಮುಂಚೆ ಅವ್ವನನ್ನು ಕೇಳಿದ್ದೇನೆ. ಹೆಸರು ಬೇಡ, ಉಳಿದದ್ದೆಲ್ಲ ಬರಿ ಎಂದಳು.

ನಾನು ನಮ್ಮ ಮನೆತನದ ಮೊದಲ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆಳಿಗ್ಗೆ ಎದ್ದು ಖಾನಾವಳಿಯ ಹಿಟ್ಟು ನಾದಿಕೊಟ್ಟು, ಉಗುರಿನಲ್ಲಿ ಹಿಟ್ಟು ಒಣಗಿದ ಕೈಯಲ್ಲೇ ಹರಪನಹಳ್ಳಿಯ ಬಸ್ಸು ಹತ್ತಿ ಕಾಲೇಜಿಗೆ ಹೋದವಳು. ಒಂದು ಸೆಮಿಸ್ಟರ್‌ನಲ್ಲಿ ಎರಡು ವಿಷಯ ಫೇಲಾದೆ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಬಿ.ಎಸ್ಸಿ., ಆಮೇಲೆ ಬಿ.ಇಡಿ. ಈಗ ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪ ಹಂಪಸಾಗರದ ಕಡೆ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ.

ಹತ್ತನೇ ತರಗತಿಯಲ್ಲಿ ನರಮಂಡಲದ ಪಾಠವಿದೆ. ಬಿಸಿ ತಾಗಿದ ಕೈ, ಮಿದುಳು ಯೋಚಿಸುವ ಮುಂಚೆಯೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದು ಪರಾವರ್ತಿತ ಕ್ರಿಯೆ. ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ಇದನ್ನು ಪ್ರತಿವರ್ಷ ಕಲಿಸುತ್ತಿದ್ದೆ. ಕೊನೆಗೆ ಮಕ್ಕಳನ್ನು ನಗಿಸಲು, 'ಇಡೀ ಜಗತ್ತಿನಲ್ಲಿ ಒಬ್ಬಳು ಮಾತ್ರ ಕೈ ಎಳೆದುಕೊಳ್ಳುವುದಿಲ್ಲ, ಅವಳು ನಮ್ಮವ್ವ' ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸತತ ಎರಡು ವರ್ಷ ಹೀಗೆ ನಗಿಸಿದ್ದೇನೆ.

ನಮ್ಮ ಓಣಿಯವರಿಗೆ ರೋಗ ಗುರುತಿಸಲು ಬರುವುದಿಲ್ಲ ಎಂದಲ್ಲ. ಬಹಳ ಚೆನ್ನಾಗಿ ಬರುತ್ತದೆ. ನಲ್ಲಿಯ ಹತ್ತಿರ ಒಬ್ಬಳು ಕೊಡ ಎತ್ತುವ ಮುಂಚೆ ಒಂದು ಕ್ಷಣ ನಿಂತರೆ ಸಾಕು, ಅವಳಿಗೆ ಎಷ್ಟು ತಿಂಗಳು ಎಂದು ಹೇಳಿಬಿಡುತ್ತಾರೆ. ಮಾತಾಳಿ ಮುದುಕ ಕಟ್ಟೆಯ ಮೇಲೆ ಕೂತು ಬಸ್ಸಿನಲ್ಲಿ ಹೋಗುವವರನ್ನು ಬೈಯದೇ ಇದ್ದರೆ ಅವನಿಗೆ ಜ್ವರ. ಎರಡನೇ ರೊಟ್ಟಿ ಬೇಡ ಎಂದವನ ಕಣ್ಣಿನ ರೆಪ್ಪೆ ಎಳೆದು ಹಳದಿಯಾಗಿದೆಯೇ ಎಂದು ನೋಡುತ್ತಾರೆ. ಆದರೆ ಇವೆಲ್ಲ ಏನನ್ನೋ ಕಡಿಮೆ ಮಾಡಿದವರ ಗುರುತುಗಳು. ಕಡಿಮೆ ಉಂಡ, ಕಡಿಮೆ ನಡೆದ, ಕಡಿಮೆ ದುಡಿದ. ಬೇರೆಯವರಿಗಿಂತ ಹೆಚ್ಚು ಕೆಲಸ ಮಾಡುವವಳ ಮೈಯಲ್ಲಿ ರೋಗ ಇರಬಹುದು ಎಂದು ಯಾರೂ ನೋಡುವುದಿಲ್ಲ. ಅವಳು ಕೆಲಸ ನಿಲ್ಲಿಸುವವರೆಗೆ ಅವಳು ಗಟ್ಟಿಮುಟ್ಟು. ಈ ಲೆಕ್ಕದಲ್ಲಿ ನನ್ನದೂ ಪಾಲಿದೆ, ಅದಕ್ಕೇ ಸಿಟ್ಟು.

ನಮ್ಮವ್ವನ ರೋಗವನ್ನು ಗುರುತಿಸಿದವಳು ಒಬ್ಬ ಬಳೆಗಾರ್ತಿ.

ಎದುರುಮನೆಯ ಸೊಸೆಗೆ ಕುಬಸ ಇತ್ತು. ಬಸುರಿಗೆ ಬಳೆ ತೊಡಿಸುವಾಗ ಬಂದ ಮುತ್ತೈದೆಯರಿಗೂ ತೊಡಿಸುತ್ತಾರೆ. ಕೂಡ್ಲಿಗಿಯಿಂದ ಬಂದ ವಯಸ್ಸಾದ ಬಳೆಗಾರ್ತಿ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತಿದ್ದಳು. ಗಾಜಿನ ಬಳೆ ಏರಿಸುವಾಗ ಅವಳು ಗೆಣ್ಣುಗಳನ್ನು ಹಿಂಡಿ, ಹೆಬ್ಬೆರಳ ಬುಡ ಒತ್ತಿ ಕೈಯನ್ನು ಚಿಕ್ಕದು ಮಾಡುತ್ತಾಳೆ. ನೋಯುತ್ತದೆ. ನೋಯದೆ ಬಳೆ ಏರುವುದಿಲ್ಲ. ಕೈ ಬಿಗಿ ಹಿಡಿದವರಿಗೆಲ್ಲ ಅವಳದೊಂದು ಮಾತು ತಯಾರಿತ್ತು.

"ಕೈ ಸಡ್ಲ ಬಿಡವ್ವ. ಅತ್ತಿ ಮನಿ ಕೀಲಿಕೈ ಹಿಡದಂಗ ಹಿಡದೀ."

ಅವ್ವನ ಸರದಿ ಬಂತು. ದೊಡ್ಡ ಕೈ, ಒರಟು ಕೈ. ಅರ್ಧ ಏರಿದ ಬಳೆ ಚಟ್ಟನೆ ಮುರಿದು ಕಿರುಬೆರಳಿನ ಕೆಳಗೆ ಚುಚ್ಚಿತು. ರಕ್ತ ಬಂತು. ಅವ್ವ ಪಕ್ಕದವಳ ಜೊತೆ ಹುಗ್ಗಿಗೆ ಬೆಲ್ಲ ಕಡಿಮೆಯಾಗಿದೆ ಎಂದು ಹೇಳುತ್ತಲೇ ಇದ್ದಳು. ಮಾತು ತುಂಡಾಗಲಿಲ್ಲ, ತೋಳು ಅಲುಗಲಿಲ್ಲ. ಅಲ್ಲಿಯವರೆಗೆ ಬಾಯಿ ಮುಚ್ಚದ ಬಳೆಗಾರ್ತಿ ಸುಮ್ಮನಾದಳು. ಗಾಜಿನ ಚೂರು ತೆಗೆದಳು, ತನ್ನ ಸೆರಗಿನಿಂದಲೇ ಒರೆಸಿದಳು. ಅವ್ವನ ಕಿರುಬೆರಳನ್ನೂ ಉಂಗುರದ ಬೆರಳನ್ನೂ ನೆಟ್ಟಗೆ ಮಾಡಲು ನೋಡಿದಳು, ಪೂರ್ತಿ ಆಗಲಿಲ್ಲ. ಆಮೇಲೆ ತೋಳು ಸವರುವವಳಂತೆ ಮೊಣಕೈಯ ಹಿಂಭಾಗ ಮುಟ್ಟಿ ನೋಡಿ, ಒಂದು ಅಳತೆ ದೊಡ್ಡ ಬಳೆ ತೆಗೆದು ತೊಡಿಸಿ ಕಳಿಸಿದಳು.

ಹೋಗುವಾಗ ಬಳೆಯ ಪೆಟ್ಟಿಗೆ ಹೊರಗಿಡಲು ನನ್ನನ್ನು ಕರೆದಳು. ಅಂಗಳದಲ್ಲಿ ಯಾರೂ ಇರಲಿಲ್ಲ.

"ಟೀಚರ್ ಅಂತಾರ ನಿನಗ. ನಿಮ್ಮವ್ವನ ಕೈ ಎಂದಾದ್ರೂ ಹಿಡದು ನೋಡೀಯೇನು?"

ನಾನು ಯಾಕೆ ಎಂದೆ.

"ಹುಡುಗಿ ಇದ್ದಾಗಿಂದ ಹೆಣಮಕ್ಕಳ ಕೈ ಹಿಂಡೀನಿ. ನೋವಾಗದ ಕೈ ಇದಕ್ಕಿಂತ ಮುಂಚಿ ಎರಡ ಕಂಡೀನಿ. ಒಂದು ನಮ್ಮ ಅತ್ತೀದು. ಆಕಿ ಬೆರಳು ಮಡಚಿಕೊಂಡು ಹೋದ ಮ್ಯಾಲ ದವಾಖಾನಿಗೆ ಒಯ್ದ್ವಿ. ಲಗೂ ತೋರಿಸು."

ಯಾವ ರೋಗ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನಗೆ ಮೊದಲು ಬಂದದ್ದು ಭಯವಲ್ಲ, ಅಹಂಕಾರ. ವಿಜ್ಞಾನ ಓದಿದವಳಿಗೆ ಬಳೆ ಮಾರುವವಳು ಪಾಠ ಹೇಳುತ್ತಾಳಲ್ಲ ಎಂದು. ರೊಟ್ಟಿ ಬಡಿಯುವ ಕೈ ಹಾಗೇ ಇರುತ್ತದೆ, ನಿಮಗೇನು ಗೊತ್ತು ಎಂದುಬಿಟ್ಟೆ. ಅವಳು ಜಗಳಕ್ಕೆ ಬರಲಿಲ್ಲ. ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬಸ್ಸಿಗೆ ನಡೆದಳು. ಮುಂದಿನ ತಿಂಗಳು ಕೂಡ್ಲಿಗಿಗೆ ಹೋಗಿ ಅವಳ ಮನೆ ಹುಡುಕಿ ತಪ್ಪಾಯಿತು ಎಂದು ಹೇಳಿ ಬಂದೆ. ಚಹಾ ಕೊಟ್ಟಳು. ತಪ್ಪಿನ ಮಾತು ಎತ್ತಲಿಲ್ಲ, ಬೆರಳು ನೆಟ್ಟಗಾದವೇ ಎಂದಷ್ಟೇ ಕೇಳಿದಳು.

ಕುಬಸದ ಮರುದಿನ ಭಾನುವಾರ. ಅವ್ವ ಖಾನಾವಳಿಯಿಂದ ಮಧ್ಯಾಹ್ನ ಬಂದು ಬಾಗಿಲಲ್ಲಿ ಕುಳಿತಿದ್ದಳು. ಅವಳ ಮುಂಗೈ ಮೇಲೆ ಒಂದು ಮಾಸಲು ಬಿಳಿ ಮಚ್ಚೆ ಇತ್ತು. ಚಿಬ್ಬು ಎಂದುಕೊಂಡು ಹರಳೆಣ್ಣೆ ಸವರುತ್ತಿದ್ದಳು. ಕಿರುಬೆರಳಿನ ಬದಿಗೆ ಸುಟ್ಟ ಗಾಯದ ಕಲೆಗಳು. ಅವೂ ಕೆಲಸದ ಗುರುತು ಎಂದುಕೊಂಡಿದ್ದೆವು. ಸೆರಗಿನಿಂದ ಕಣ್ಣು ಕಟ್ಟಿಕೋ, ನಾನು ಮುಟ್ಟಿದಾಗ 'ಹ್ಞೂಂ' ಅನ್ನು ಎಂದೆ. ಆಟವೇನೋ ಎಂಬಂತೆ ನಕ್ಕು ಕಟ್ಟಿಕೊಂಡಳು. ಪೆನ್ನಿನ ತುದಿಯಿಂದ ಭುಜ ಮುಟ್ಟಿದೆ, ಹ್ಞೂಂ ಅಂದಳು. ಹೆಬ್ಬೆರಳು ಮುಟ್ಟಿದೆ, ಹ್ಞೂಂ ಅಂದಳು. ಮಚ್ಚೆಯ ಮೇಲೆ ಮುಟ್ಟಿದೆ. ಕಿರುಬೆರಳು ಮುಟ್ಟಿದೆ. ಒತ್ತಿದೆ. ಮತ್ತೊಮ್ಮೆ ಒತ್ತಿದೆ.

"ಮುಟ್ಟು ಮತ್ತ," ಎಂದಳು ಅವ್ವ. "ಎಷ್ಟೊತ್ತು ಹಿಂಗ ಕುಂದ್ರಲಿ?"

ನನ್ನ ಪೆನ್ನು ಆಗಲೂ ಅವಳ ಬೆರಳಿನ ಮೇಲೇ ಇತ್ತು.

ಕಣ್ಣು ಬಿಚ್ಚಿ ಪೆನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಎರಡು ವರ್ಷದಿಂದ ಆ ಬದಿಯಲ್ಲಿ ಬಿಸಿ ತಿಳಿಯುತ್ತಿರಲಿಲ್ಲವಂತೆ. ಮೊದಲು ಅಂಜಿಕೆಯಾಯಿತಂತೆ. ಅಷ್ಟರಲ್ಲಿ ಜನ ಹೊಗಳತೊಡಗಿದರು, ಯಜಮಾನಿ ಒಲೆಯನ್ನು ಇನ್ನಷ್ಟು ಮುಂದೆ ತಂದಳು, ಮಗಳು ಶಾಲೆಯಲ್ಲಿ ಹೇಳುತ್ತಾಳೆ ಎಂದೂ ಗೊತ್ತಾಯಿತು. ಇಷ್ಟು ಮಂದಿ ಒಳ್ಳೆಯದು ಎನ್ನುವಾಗ ಅದು ಕೆಟ್ಟದ್ದು ಹೇಗಾದೀತು ಎಂದು ಸುಮ್ಮನಾದಳಂತೆ.

ಕೊಟ್ಟೂರಿನಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಮೊಣಕೈ ಹಿಂದಿನ ನರವನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಹಗ್ಗದಷ್ಟು ದಪ್ಪವಾಗಿತ್ತು. ನನ್ನ ಬೆರಳನ್ನೂ ಅಲ್ಲಿ ಇಡಿಸಿ ತೋರಿಸಿದರು. ಒಂದು ವರ್ಷ ಮಾತ್ರೆ, ಸರ್ಕಾರದ್ದೇ. ನರದ ಊತಕ್ಕೆ ಬೇರೆ ಮಾತ್ರೆ. ಬೇನೆ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಅಂಟುವ ಭಯವಿಲ್ಲ, ರೊಟ್ಟಿಯಿಂದಂತೂ ಅಂಟುವುದೇ ಇಲ್ಲ. ಆದರೆ ಬೆರಳಿಗೆ ಮುಟ್ಟಿದ್ದು ತಿಳಿಯುವುದು ವಾಪಸ್ ಬರಬಹುದು, ಬರದೇ ಇರಬಹುದು. ಮಡಚುತ್ತಿರುವ ಬೆರಳುಗಳನ್ನು ಉಳಿಸಿಕೊಳ್ಳಬೇಕಾದರೆ ದಿನಾ ಎಣ್ಣೆ ಹಚ್ಚಿ ಚಾಚಿಸಬೇಕು, ಮತ್ತು ಇನ್ನು ಮುಂದೆ ಬರಿಗೈಯಲ್ಲಿ ಹಂಚು ಮುಟ್ಟಕೂಡದು.

ಅವ್ವ ರೋಗದ ಹೆಸರು ಕೇಳಿದಾಗ ಅಳಲಿಲ್ಲ. ಹಂಚು ಮುಟ್ಟಕೂಡದು ಎಂದಾಗ ಅತ್ತಳು.

ಧೈರ್ಯವಂತೆ ನಾನು ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಮೊದಲು ಮುಚ್ಚಿಟ್ಟವಳು ನಾನೇ. ಮಾತ್ರೆಯ ಹಾಳೆಗಳನ್ನು ನನ್ನ ಶಾಲೆಯ ಬ್ಯಾಗಿನಲ್ಲಿ, ಉತ್ತರಪತ್ರಿಕೆಗಳ ನಡುವೆ ಇಡುತ್ತಿದ್ದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವಾಗ ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರನ ಗುಡಿಗೆ ಹೋಗುತ್ತೇವೆ ಎಂದು ಓಣಿಯಲ್ಲಿ ಹೇಳುತ್ತಿದ್ದೆ. ಟೀಚರಮ್ಮ ಗಂಡು ಸಿಗಲೆಂದು ಹರಕೆ ಹೊತ್ತಿದ್ದಾಳೆ ಎಂದು ಮಾತಾಯಿತು. ಆಗಲಿ ಬಿಡು ಎಂದು ಅದನ್ನೂ ಒಪ್ಪಿಕೊಂಡೆ. ಅಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ಹೊರಗೆ ಕುಳಿತಿದ್ದ. ಒಳಗೆ ಬಂದು, ನಾವೂ ತೋರಿಸಿಕೊಳ್ಳಬೇಕೇನು ಎಂದು ಕೇಳಿದ. ತೋರಿಸಿಕೊಂಡೆವು, ನಮಗಿಬ್ಬರಿಗೂ ಏನೂ ಇರಲಿಲ್ಲ. ಅಂದಿನಿಂದ ಅವನು ಫೋನ್ ಮಾಡಿದಾಗಲೆಲ್ಲ ಮೊದಲ ಮಾತು, ಮಾತ್ರಿ ನುಂಗಿದಳೇನು ಎಂಬುದೇ.

ಆ ಮಾತ್ರೆಗಳಲ್ಲಿ ಒಂದು ಮೈಬಣ್ಣ ಕಪ್ಪಾಗಿಸುತ್ತದೆ. ಮೂರನೇ ತಿಂಗಳಿಗೆ ಅವ್ವನ ಮುಖ, ಕೈ ಕಪ್ಪಿಟ್ಟವು. ಈಗ ಎದ್ದರು ನೋಡಿ ರೋಗ ಗುರುತಿಸುವವರು. ಶುಗರ್ ಇರಬೇಕು ಎಂದರು. ಲಿವರ್ ಹೋಗಿದೆ ಎಂದರು. ಯಾರೋ ಏನೋ ಮಾಡಿಸಿದ್ದಾರೆ ಎಂದರು. ಬೇನೆ ಮೈಯಲ್ಲಿ ಬೆಳೆಯುತ್ತಿದ್ದಾಗ ಎರಡು ವರ್ಷ ಹೊಗಳಿದ ಮಂದಿ, ಅದು ಸಾಯುತ್ತಿರುವಾಗ ಅವಳನ್ನು ರೋಗಿ ಮಾಡಿದರು. ಸಾಲದ್ದಕ್ಕೆ ಅವಳು ರೊಟ್ಟಿಯನ್ನು ಬಟ್ಟೆ ಹಿಡಿದು, ಇಕ್ಕಳದಿಂದ ತಿರುವುತ್ತಿದ್ದಳು. ಕೆಲಸ ನಿಧಾನವಾಗಿತ್ತು. ಕಾಯ್ದು ಕುಳಿತವರು ತಟ್ಟೆ ಬಡಿಯುತ್ತಿದ್ದರು.

ನಾಲ್ಕನೇ ತಿಂಗಳ ಒಂದು ಭಾನುವಾರ. ನಾನು ಹಿಟ್ಟು ನಾದಲು ಹೋಗಿದ್ದೆ. ಬೆಂಚುಗಳು ತುಂಬಿದ್ದವು. ಖಾನಾವಳಿಯ ಯಜಮಾನಿ ಕೆಟ್ಟವಳಲ್ಲ. ನಾನು ಪದವಿ ಪಾಸಾದಾಗ ಬಂದವರಿಗೆಲ್ಲ ಹೋಳಿಗೆ ಹಾಕಿಸಿದವಳು. ಆದರೆ ಅವಳಿಗೂ ಮಂದಿಯ ಮಾತು ಸಾಕಾಗಿತ್ತು. ಒಲೆಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಏನಾಗೇತಿ ನಿನಗ? ಕೇಳಿದೋರಿಗೆ ನಾ ಏನಂತ ಹೇಳ್ಲಿ?"

ನಾನು ಶುಗರ್ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತಳು.

"ಕುಷ್ಠ ಐತಿ ಅಕ್ಕ. ಗುಳಿಗಿ ನುಂಗಾಕತ್ತೀನಿ, ಕಮ್ಮಿ ಆಗಾಕತ್ತೈತಿ. ಯಾರಿಗೂ ಅಂಟಂಗಿಲ್ಲ ಅಂತ ಡಾಕ್ಟರು ಬರದು ಕೊಟ್ಟಾರ. ಕಾಗದ ನನ್ನ ಮಗಳ ಹಂತ್ಯಾಕ ಐತಿ, ಓದ್ತಾಳ."

ಓದು ಎಂದು ನನ್ನ ಕಡೆ ತಿರುಗಿದಳು. ಕೈಗೆ ಹಿಟ್ಟು ಮೆತ್ತಿತ್ತು. ಬ್ಯಾಗಿನಿಂದ ಚೀಟಿ ತೆಗೆದು ಓದಿದೆ. ಅದು ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲು ಓದಿ, ಕನ್ನಡದಲ್ಲಿ ಹೇಳಿದೆ. ನಾನು ಓದಿದ್ದು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ನಾನು ಆ ಐದು ನಿಮಿಷ ತೋರಿಸುತ್ತೇನೆ, ಪದವಿಯ ಪ್ರಮಾಣಪತ್ರ ಅಲ್ಲ.

ನಾಲ್ಕು ಮಂದಿ ಎದ್ದು ಕೈ ತೊಳೆದು ಹೋದರು. ಉಳಿದವರು ಎದ್ದೂ ಹೋಗಲಿಲ್ಲ, ಉಣ್ಣಲೂ ಇಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಲಾರಿ ಡ್ರೈವರ್ ಮಾತ್ರ ತನ್ನ ತಟ್ಟೆಯ ರೊಟ್ಟಿ ಮುರಿದು, ಈ ಕೈ ರೊಟ್ಟಿ ಐದು ವರ್ಷದಿಂದ ತಿಂತೀನಿ, ಏನಾದ್ರೂ ಆಗಬೇಕಿದ್ರ ಇಷ್ಟೊತ್ತಿಗೆ ಆಗ್ತಿತ್ತು ಎಂದು ತಿನ್ನುವುದನ್ನು ಮುಂದುವರಿಸಿದ. ಅವನು ಒಳ್ಳೆಯತನಕ್ಕೆ ಹೇಳಿದನೋ ಹಸಿವಿಗೆ ಹೇಳಿದನೋ ಗೊತ್ತಿಲ್ಲ. ಯಜಮಾನಿ ಅವ್ವನಿಗೆ ಸ್ವಲ್ಪ ದಿನ ಮನೆಯಲ್ಲೇ ಇರು ಎಂದಳು.

ಸೋಮವಾರ ಶಾಲೆಗೆ ಹೋಗಿ, ಪಾಠ ಯಾವುದಿತ್ತೋ ಅದನ್ನು ಬಿಟ್ಟು, ನರಮಂಡಲದ ಚಿತ್ರ ಮತ್ತೆ ಬರೆದೆ. ಕೈ ಎಳೆದುಕೊಳ್ಳದ ಹೆಂಗಸಿನ ಬಗ್ಗೆ ನಾನು ಹೇಳಿದ್ದು ತಪ್ಪು ಎಂದೆ. ಬಾಣ ಎಲ್ಲಿ ಕಡಿದುಹೋಗುತ್ತದೆ ಎಂದು ಸೀಮೆಸುಣ್ಣದಿಂದ ಅಳಿಸಿ ತೋರಿಸಿದೆ. ರೋಗದ ಹೆಸರು ಹೇಳಿದೆ, ಅದು ನಮ್ಮ ಮನೆಯಲ್ಲೇ ಇದೆ ಎಂದೂ ಹೇಳಿದೆ. ಯಾರೂ ನಗಲಿಲ್ಲ. ಎರಡು ದಿನ ಬಿಟ್ಟು ಮುಖ್ಯೋಪಾಧ್ಯಾಯರು ಕರೆದು, ಪೋಷಕರೊಬ್ಬರು ಫೋನ್ ಮಾಡಿದ್ದರು, ಮನೆ ವಿಷಯ ತರಗತಿಯಲ್ಲಿ ಯಾಕ್ರಿ ಎಂದರು. ಇದು ಮನೆ ವಿಷಯವಲ್ಲ ಸರ್, ಪಾಠ, ತಪ್ಪು ಕಲಿಸಿದ್ದೆ, ತಿದ್ದಿದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

ಓಣಿಯಲ್ಲಿ ನಲ್ಲಿಯ ಹತ್ತಿರ ನಮ್ಮ ಕೊಡಕ್ಕೂ ಬೇರೆಯವರ ಕೊಡಕ್ಕೂ ನಡುವೆ ಒಂದು ಮೊಳ ಜಾಗ ಹುಟ್ಟಿತು. ನಾನು ದಿನಾ ನಮ್ಮ ಕೊಡವನ್ನು ಸರಿಸಿ ಮುಂದಿನ ಕೊಡಕ್ಕೆ ತಾಗಿಸಿ ಇಟ್ಟೆ. ಸರಿಸಿದರೆ ಮತ್ತೆ ತಾಗಿಸಿದೆ. ಮಾತ್ರೆಯ ಹಾಳೆ ಬ್ಯಾಗಿನಿಂದ ಹೊರಬಂದು ಬೀದಿಗೆ ಕಾಣುವ ಕಿಟಕಿಗೆ ಬಂತು. ಮುಂದಿನ ತಿಂಗಳು ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆ, ದವಾಖಾನಿಗೆ ಎಂದು ಅವ್ವ ಬೀದಿಯಲ್ಲೇ ಹೇಳಿದಳು.

ಅವ್ವ ಮನೆಯಲ್ಲಿ ಕುಳಿತ ಒಂಬತ್ತನೇ ದಿನ ಯಜಮಾನಿ ಮನೆಗೆ ಬಂದಳು. ಹೊಸದಾಗಿ ಬಂದವಳ ರೊಟ್ಟಿ ಹರಿಯುತ್ತಿತ್ತು, ಗಿರಾಕಿಗಳು ಬೇಸರಪಟ್ಟುಕೊಂಡಿದ್ದರು. ಅವಳು ಕೂಡುವ ಮುಂಚೆ ಒಂದು ಗಳಿಗೆ ಚಾಪೆಯನ್ನು ನೋಡಿದಳು, ಆಮೇಲೆ ಕುಳಿತಳು. ನಾಳೆಯಿಂದ ಬಾ, ಆದರೆ ಒಲೆಗೂ ಬೆಂಚಿಗೂ ನಡುವೆ ಒಂದು ಪರದೆ ಕಟ್ಟಿಸುತ್ತೇನೆ, ನೀನು ಒಳಗಿರು, ರೊಟ್ಟಿ ಹೊರಗೆ ಬರಲಿ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ಉಪಕಾರ. ನನಗೂ ಹಾಗೇ ಅನಿಸಿತು. ಒಪ್ಪಿಕೋ ಅವ್ವ ಎಂದೆ.

ಅವ್ವ ಬೆರಳಿಗೆ ಎಣ್ಣೆ ಹಚ್ಚಿ ತೊಡೆಯ ಮೇಲೆ ಒತ್ತಿ ಚಾಚಿಸುತ್ತಿದ್ದಳು. ನಿಲ್ಲಿಸಲಿಲ್ಲ.

"ನೀ ಪರದಿ ಹಾಕ್ಕೊಂಡು ಪಾಠ ಮಾಡ್ತಿಯೇನ?" ಎಂದು ನನ್ನನ್ನು ಕೇಳಿದಳು. ಆಮೇಲೆ ಯಜಮಾನಿಗೆ, "ಅಕ್ಕ, ನನ್ನ ಕೈ ಚಂದ ಐತಿ ಅಂತ ಮಂದೀಗೆ ತೋರಿಸಿದಾಕಿ ನೀನ. ಈಗ ಮುಚ್ಚಬ್ಯಾಡ. ನೋಡಾಕ ಆಗದೋರು ಬ್ಯಾರೆ ಕಡೆ ಉಣ್ಲಿ. ಪರದಿ ಕಟ್ಟಿದ್ರ ನಾ ಬರಂಗಿಲ್ಲ."

ಯಜಮಾನಿ ಎದ್ದು ಹೋದಳು. ಅವ್ವನಿಗೆ ಒಲೆ ಇಲ್ಲದ ಬೆಳಗು ಹೇಗೆ ಕಳೆಯಬೇಕೆಂದು ತಿಳಿಯುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ನಾನು ಒಮ್ಮೆ, ನೀನು ಇನ್ನು ದುಡಿಯಬೇಕಾಗಿಲ್ಲ, ನನ್ನ ಸಂಬಳವಿದೆ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಿಲ್ಲ.

ಯಜಮಾನಿ ಬಂದುಹೋದ ಹತ್ತು ದಿನಕ್ಕೆ ಖಾನಾವಳಿಯಿಂದ ಫೋನ್ ಬಂತು. ಬಾ ಎಂದಷ್ಟೇ ಅಂದಳಂತೆ. ಯಜಮಾನಿ ಯಾಕೆ ಮನಸ್ಸು ಬದಲಾಯಿಸಿದಳು ಎಂದು ನನಗೆ ಈಗಲೂ ತಿಳಿಯದು. ಹರಿದ ರೊಟ್ಟಿಯೇ ಕಾರಣವಾಗಿರಬಹುದು. ಹೋಗಿ ನೋಡಿದರೆ ಎರಡು ಗೋಡೆಗೆ ಮೊಳೆ ಹೊಡೆದು ತಂತಿ ಬಿಗಿದದ್ದು ಹಾಗೇ ಇತ್ತು, ಪರದೆ ಇರಲಿಲ್ಲ. ಅವ್ವ ಆ ತಂತಿಯ ಮೇಲೆ ಒದ್ದೆ ಕೈಬಟ್ಟೆ ಹಾಕಿ ಒಲೆ ಹೊತ್ತಿಸಿದಳು.

ಮಾತ್ರೆ ಮುಗಿದು ಒಂದು ವರ್ಷವಾಗುತ್ತ ಬಂತು. ಮೈಬಣ್ಣ ತಿಳಿಯಾಗುತ್ತಿದೆ. ಉಂಗುರದ ಬೆರಳು ನೆಟ್ಟಗಾಗಿದೆ. ಕಿರುಬೆರಳು ಆಗಿಲ್ಲ, ಇನ್ನು ಆಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಬಿಸಿಯೂ ತಿಳಿಯುವುದಿಲ್ಲ. ದಿನಾ ಕೆಲಸ ಮುಗಿದ ಮೇಲೆ ಬೆಳಕಿಗೆ ಹಿಡಿದು ಗುಳ್ಳೆ ಎದ್ದಿದೆಯೇ ಎಂದು ಕಣ್ಣಿನಿಂದ ನೋಡಿಕೊಳ್ಳುತ್ತಾಳೆ. ಬಿಟ್ಟು ಹೋದ ಗಿರಾಕಿಗಳಲ್ಲಿ ಕೆಲವರು ವಾಪಸ್ ಬಂದರು, ಕೆಲವರು ಬರಲಿಲ್ಲ. ಬರದವರ ಹೆಸರು ಅವ್ವನಿಗೆ ಗೊತ್ತು, ಹೇಳುವುದಿಲ್ಲ.

ಮೊನ್ನೆ ಹೊಸಬನೊಬ್ಬ ಒಲೆಯ ಎದುರಿನ ಬೆಂಚಿನಲ್ಲಿ ಕುಳಿತು, ಯಾಕಮ್ಮ, ರೊಟ್ಟಿಗೆ ಇಕ್ಕಳ ಹಿಡಿದಿದ್ದೀ ಎಂದು ಕೇಳಿದ. ಅವ್ವ ಹೇಳಿದಳು, ರೋಗದ ಹೆಸರು ಸಮೇತ, ರೊಟ್ಟಿ ತಿರುವುತ್ತಲೇ. ಅವನು ತನ್ನ ತಟ್ಟೆ ನೋಡಿದ. ಅವ್ವ ಉಬ್ಬಿದ ರೊಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಹಾಕಲೋ ಬೇಡವೋ ಎಂದು ಕೇಳಲಿಲ್ಲ. ಅವನು ಹೇಳುವವರೆಗೆ ಕೈ ಹಿಂದಕ್ಕೆ ತೆಗೆಯಲೂ ಇಲ್ಲ.